ಜೋರಕ್ಕನ ಶೆಡ್ಡಿನ ಕಾರು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹೊಲಿಗೆ ಮಿಷಿನ್ನಿನ ಸದ್ದನ್ನೂ ಮೀರಿಸುವ ಗಂಟಲು. ಹಾಗಾಗಿ ಎಲ್ಲರಿಗೂ ಜೋರಕ್ಕ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಹರಿದ ಚೀಲಕ್ಕೆ ಹಿಡಿ ಹಾಕುವುದು ಅವಳ ಕಸುಬು. ಬಟ್ಟೆ ಕೊಡಲು ಬಂದವರಿಗೆ ಗಂಡನ ಗುಣಗಾನ ಪುಕ್ಕಟೆ.

ಗಂಡ ಕಾರು ಮೆಕ್ಯಾನಿಕ್. ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವ ಜಾತಿ. ಅವನು ಕೆಲಸಕ್ಕಿದ್ದ ಬಂಗಲೆಗೆ ಜೋರಕ್ಕ ಬಸ್ಸಿನಲ್ಲಿ ಜೋತಾಡಿಕೊಂಡು ಊಟ ಒಯ್ಯುತ್ತಿದ್ದಳು. ಹೇಗೆ ಬಂದೆ ಎಂದು ಅವನು ಒಮ್ಮೆಯೂ ಕೇಳಿದವನಲ್ಲ. ವಾಪಸು ಮಾತ್ರ ಬಸ್ಸು ಹತ್ತಲು ಬಿಡುತ್ತಿರಲಿಲ್ಲ. ತಾನೇ ಗೇಟಿನವರೆಗೆ ಬಂದು, ಆಟೋ ನಿಲ್ಲಿಸಿ, ಅವಳನ್ನು ಕೂರಿಸಿ, ಚೀಲವನ್ನು ಮಡಿಲಲ್ಲಿಟ್ಟು, "ಗುಂಡಿ ತಪ್ಪಿಸಿ ಓಡಿಸಪ್ಪ" ಎನ್ನುತ್ತಿದ್ದ. ಆಟೋ ತಿರುವು ದಾಟುವವರೆಗೂ ನಿಂತಿರುತ್ತಿದ್ದ.

"ರಾಣಿ ಥರ ಕಳಿಸ್ತಿದ್ರು ಕಣೆ ನನ್ನ!" ಅವನು ತೀರಿಕೊಂಡ ಮೇಲೂ ಜೋರಕ್ಕ ಪಕ್ಕದ ಮನೆಯವಳಿಗೆ ಇದನ್ನು ಹೇಳಿ ಹೇಳಿ ಕಿವಿ ತೂತು ಮಾಡಿದ್ದಳು. ಆ ನೆನಪೇ ಅವಳ ಆಸ್ತಿ.

ಇನ್ನೊಂದು ಆಸ್ತಿ ಶೆಡ್ಡಿನಲ್ಲಿತ್ತು. ಉದ್ದ ಮೂತಿಯ, ಗುಡುಗಿನ ಸದ್ದಿನ ಹಳೇ ಕಾರು. ಶೋಕಿಯವರು ಮಸಲ್ ಕಾರ್ ಎನ್ನುತ್ತಾರೆ. ಬಂಗಲೆಯ ಯಜಮಾನರ ಹತ್ತಿರ ಇದ್ದದ್ದು ದೊಡ್ಡ ಎಂಜಿನ್ನಿನ, ಬಲು ಅಪರೂಪದ ಕಾರು. ಗಂಡ ಗುಜರಿಯಿಂದ ತಂದು ಎಬ್ಬಿಸಿ ನಿಲ್ಲಿಸಿದ್ದು ಅದೇ ಆಕಾರದ, ಸಣ್ಣ ಎಂಜಿನ್ನಿನ ಮಾಮೂಲಿಯದು. ಹೊರಗಿನಿಂದ ಎರಡೂ ಅವಳಿ ಮಕ್ಕಳಂತಿದ್ದವು.

ಯಜಮಾನರೂ ಹೋದರು. ಅವರ ಮಗ ಕಾರು ಮಾರಲು ಹೊರಟಾಗ, ಕೊಳ್ಳುವವರ ಪರೀಕ್ಷಕ ಬಾನೆಟ್ ಎತ್ತಿ ನೋಡಿ, "ಇದು ಅಸಲಿ ಅಲ್ಲ" ಎಂದುಬಿಟ್ಟ. ಮಗ ಅದೇ ಪರೀಕ್ಷಕನನ್ನು ಕರೆದುಕೊಂಡು ನೇರ ಜೋರಕ್ಕನ ಬಾಗಿಲಿಗೆ ಬಂದ.

"ಅಮ್ಮಾ, ನಿಮ್ಮ ಶೆಡ್ಡಲ್ಲಿರೋದು ನಮ್ಮ ಕಾರು ಅಂತ ಅನುಮಾನ."

ಜೋರಕ್ಕನ ಪಿತ್ತ ನೆತ್ತಿಗೇರಿತು. "ನಮ್ಮನೆಯವರು ಬೇರೆಯವರ ಒಂದು ನಟ್ಟೂ ಮುಟ್ಟಿದೋರಲ್ಲ! ಬಿಚ್ಚಿ, ಎಲ್ಲಾ ಬಿಚ್ಚಿ ನೋಡಿ. ಇಡೀ ಬೀದಿ ನೋಡ್ಲಿ!" ಎಂದು ಶೆಡ್ಡಿನ ಬಾಗಿಲನ್ನು ತಾನೇ ತಳ್ಳಿದಳು. ಬೇಡವೆಂದರೂ ಅಕ್ಕಪಕ್ಕದವರನ್ನು ಕೂಗಿ ಕರೆದಳು. ಸತ್ತವನ ಮೇಲೆ ಕಳ್ಳನೆಂಬ ಮಾತು ಬಂದ ಮೇಲೆ ಮುಚ್ಚಿಟ್ಟು ಮಾತಾಡುವುದೆಲ್ಲಿ ಬಂತು?

ಪರೀಕ್ಷಕ ಟಾರ್ಚು ಹಿಡಿದು ಕಾರಿನಡಿ ನುಸುಳಿದ. ಹೊರಬಂದು ಬಾಗಿಲಂಚಿನ ನಂಬರ್ ಓದಿದ. "ಬಾಡಿ ಇವರದೇ. ಮಾಮೂಲಿ ಕಾರಿನ ಬಾಡಿ."

"ಕೇಳಿಸ್ತಾ?" ಎಂದಳು ಜೋರಕ್ಕ ಬೀದಿಗೆಲ್ಲ ಕೇಳುವಂತೆ.

ಅವನು ಇನ್ನೂ ಮುಗಿಸಿರಲಿಲ್ಲ. ಎಂಜಿನ್ನಿನ ಮೇಲಿನ ನಂಬರನ್ನು ತನ್ನ ಫೋನಿನಲ್ಲಿದ್ದ ಬಂಗಲೆ ಕಾರಿನ ದಾಖಲೆಯ ಚಿತ್ರದೊಂದಿಗೆ ಹೋಲಿಸಿದ. ಕಾರ್ಬುರೇಟರ್ ನೋಡಿದ, ಸ್ಟೇರಿಂಗ್ ನೋಡಿದ, ದೀಪಗಳನ್ನು ಒರೆಸಿ ನೋಡಿದ.

"ಸಿಪ್ಪೆ ಬಂಗಲೆಯಲ್ಲಿದೆ ಸಾರ್," ಎಂದ ಅವನು ಮಗನಿಗೆ. "ತಿರುಳೆಲ್ಲಾ ಇಲ್ಲಿದೆ. ಒಂದೇ ಸಲ ಆಗಿರೋ ಕೆಲಸ ಅಲ್ಲ. ವರ್ಷಗಟ್ಟಲೆ ಒಂದೊಂದಾಗಿ ಬದಲಾಯಿಸಿದಾರೆ."

ಎಂಜಿನ್ನು! ಒಂದು ಬೇಸಿಗೆಯಲ್ಲಿ ಸರ್ವಿಸಿಗೆಂದು ಬಂಗಲೆಯ ಎಂಜಿನ್ನು ಮನೆಗೆ ಬಂದಿತ್ತು. ಹೊತ್ತವರಿಗೆ ಇವಳೇ ಚಹಾ ಕೊಟ್ಟಿದ್ದಳು. ಕೆಲವು ವಾರ ಕಳೆದು ಎಂಜಿನ್ನೊಂದು ವಾಪಸು ಹೋಗಿತ್ತು. ಯಾವುದು ಹೋಯಿತೆಂದು ಯಾರು ಕೇಳಿದ್ದರು? ಜೋರಕ್ಕ ಗೋಡೆ ಹಿಡಿದುಕೊಂಡಳು.

ಮಗ ಕೆಟ್ಟವನಲ್ಲ. ಅವಳ ಅವಸ್ಥೆ ನೋಡಿ ಅವನಿಗೇ ಅಯ್ಯೋ ಅನ್ನಿಸಿತು. "ನಿಮಗೇನೂ ಗೊತ್ತಿರಲಿಲ್ಲ ಬಿಡಿ ಅಮ್ಮ. ನೀವ್ಯಾಕೆ ಹೆದರ್ತೀರಾ?"

ಪರೀಕ್ಷಕ ಕಾರಿನೊಳಗೆ ಕೂತು ಮೀಟರುಗಳ ಮೇಲೆ ಬೆರಳಾಡಿಸುತ್ತಿದ್ದ. ತನ್ನಷ್ಟಕ್ಕೇ ಎಂಬಂತೆ ಹೇಳಿದ: "ಈ ಗಾಜು ನೋಡಿ, ಒಂದು ಗೀರಿಲ್ಲ. ಬಲು ನಾಜೂಕು ಇದು, ಸ್ವಲ್ಪ ಕುಲುಕಿದ್ರೂ ಒಳಗಿನ ಮುಳ್ಳು ಹೋಗ್ಬಿಡತ್ತೆ. ಅಲ್ಲಿಂದ ಇಲ್ಲಿಗೆ ಅದು ಹ್ಯಾಗೆ ಬಂತೋ!"

ಜೋರಕ್ಕನಿಗೆ ಆ ಊಟದ ಚೀಲ ನೆನಪಾಯಿತು. ಊಟ ಖಾಲಿಯಾದರೂ ಚೀಲ ಹಗುರಾಗುತ್ತಿರಲಿಲ್ಲ. "ಕೆಟ್ಟ ಸಾಮಾನು, ಎಸೆಯೋಕೆ ಹೇಳಿದಾರೆ" ಎಂದು ಗಂಡ ಏನನ್ನೋ ಟವೆಲಿನಲ್ಲಿ ಸುತ್ತಿ ಅದರಲ್ಲಿಡುತ್ತಿದ್ದ. ಹಿಡಿ ಕಿತ್ತುಬಂದಾಗಲೆಲ್ಲ ಜೀನ್ಸ್ ಬಟ್ಟೆ ಕೊಟ್ಟು ಎರಡೆರಡು ಹೊಲಿಗೆ ಹಾಕಿದವಳು ಇವಳೇ. "ನನ್ನ ಅಡುಗೆ ತಿಂದ ಮೇಲೆ ಡಬ್ಬಿಗೂ ಮೈ ಬರತ್ತೆ" ಎಂದು ನಗಾಡಿದವಳೂ ಇವಳೇ.

ಹೋಗುವಾಗ ಬಸ್ಸು. ಬರುವಾಗ ಆಟೋ.

ನೆರೆದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಸುಮ್ಮನಿರುವುದು ಅಭ್ಯಾಸವಿರಲಿಲ್ಲ. ಆದರೆ ಆ ಬೀದಿ ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ನಾನೇ ತಂದೆ. ಮಡಿಲಲ್ಲಿಟ್ಕೊಂಡು. ಗುಂಡಿ ತಪ್ಪಿಸಿ ಓಡಿಸಪ್ಪ ಅಂದಿದ್ದು ಅದಕ್ಕೆ... ನನಗಲ್ಲ."