ಪಾಳಿಗಿಟ್ಟ ಚಪ್ಪಲಿ

ಲಸಿಕೆಯ ಪಾಳಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹವಾಯಿ ಚಪ್ಪಲಿಗಳನ್ನು ನಾನೇ ಕಾಲಿನಿಂದ ಬದಿಗೆ ಸರಿಸಿದೆ. ಕೊರೊನಾ ಎರಡನೇ ಅಲೆಯ ದಿನಗಳವು. ಮುನವಳ್ಳಿ ಹತ್ತಿರದ ನಮ್ಮೂರ ಶಾಲೆಗೆ ಬಂದ ಲಸಿಕೆ ಅರ್ಧ ಊರಿಗೂ ಸಾಲುತ್ತಿರಲಿಲ್ಲ. ಚೀಟಿ ಹಂಚುವ ಕೆಲಸ ಶಿಕ್ಷಕಿಯಾದ ನನಗೆ ಬಂದಿತ್ತು. ನೀರಿನ ಪಾಳಿಗೆ ಕೊಡ ಇಟ್ಟು ಹೋಗುವಂತೆ ಜನ ಇಲ್ಲಿಯೂ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಯಾರಿಗೂ ಅನ್ಯಾಯವಾಗಬಾರದೆಂದು, ಖುದ್ದಾಗಿ ನಿಂತವರಿಗಷ್ಟೇ ಚೀಟಿ ಎಂದು ಬೆಳಿಗ್ಗೆ ನಾನೇ ನಿಯಮ ಮಾಡಿದ್ದೆ.

ಲಸಿಕೆ ಮುಗಿದ ಮೇಲೆ ನಿಂಗವ್ವ ಹೊಲದಿಂದ ಬರಿಗಾಲಲ್ಲಿ ಓಡಿ ಬಂದಳು. ಕಳೆ ತೆಗೆಯುವ ಕೂಲಿಗೆ ಹೋಗಿದ್ದಳು.

"ನಸುಕಿನ್ಯಾಗ ಬಂದು ಚಪ್ಪಲಿ ಇಟ್ಟು ಹೋಗಿದ್ನಿರಿ ಅಕ್ಕೋರ. ಮೊದಲನೇ ಪಾಳಿ ನಂದ ಇತ್ತು."

ನಿಯಮ ಹೇಳಿದೆ. ಆಕೆ ಗೋಡೆಯ ಬದಿಗೆ ಬಿದ್ದಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮುಂದಿನ ಸಲ ಲಸಿಕೆ ಬಂದಾಗ ಮೊದಲ ಚೀಟಿಯನ್ನು ಆಕೆಗೆಂದೇ ತೆಗೆದಿಟ್ಟಿದ್ದೆ. ಆಕೆಯ ಸೊಸೆ ಬಂದಳು. "ಅತ್ತಿ ಕೊರೊನಾದಾಗ ಹೋಗಿ ವಾರ ಆತ್ರಿ, ಅಕ್ಕೋರ."

ಕೂಲಿ ಬಿಟ್ಟು ನಿಲ್ಲಲಾಗದವಳು ಕಾಲಿನ ಚಪ್ಪಲಿಯನ್ನೇ ಬಿಟ್ಟು ಹೊಲಕ್ಕೆ ನಡೆದಿದ್ದಳು. ನಿಯಮ ಎಲ್ಲರಿಗೂ ಒಂದೇ ಎಂದು ಇವತ್ತಿಗೂ ಸಮಾಧಾನ ಹೇಳಿಕೊಳ್ಳಲು ನೋಡುತ್ತೇನೆ. ಆದರೆ ಬದಿಗೆ ಸರಿಸಿದೆ ಎಂದು ಮೇಲೆ ಬರೆದದ್ದು ಸುಳ್ಳು. ನಾನು ಅವನ್ನು ಒದ್ದಿದ್ದೆ.