ಮೂರು ಅಮಾವಾಸ್ಯೆ ಕಳೆಯುವವರೆಗೆ

ನನಗೆ ಗಾಳಿ ಸೋಕಿದೆ ಎಂದು ಕೊಪ್ಪದ ನಮ್ಮ ಮನೆಯವರು ತೀರ್ಮಾನ ಮಾಡಿದ್ದು ಮಟಮಟ ಮಧ್ಯಾಹ್ನದಲ್ಲಿ. ಗಾಳಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆದರೆ ಯಾರಿಗೆ ಹೇಳುವುದು? ಆಗ ನನಗೆ ಹದಿನೆಂಟೋ ಹತ್ತೊಂಬತ್ತೋ. ಕೆರಗೋಡಿನ ತವರಲ್ಲಿ ಬಾಣಂತನ ಮುಗಿಸಿ, ಐದು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಬಂದು ಹದಿನೈದು ದಿನವಾಗಿತ್ತು.

ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ಮಗು ತೊಟ್ಟಿಲಲ್ಲಿ ಮಲಗಿತ್ತು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾದವು, ಬೆರಳು ಜೋಮು ಹಿಡಿದವು. ಉಸಿರು ಗಂಟಲಿನಿಂದ ಕೆಳಗೆ ಇಳಿಯಲೊಲ್ಲದು. ನಾನು ಸತ್ತರೆ ಈ ಮಗುವಿಗೆ ಯಾರು ಗತಿ ಎಂದು ಅನ್ನಿಸಿದ್ದೇ ತಡ, ಮೊರ ಎಸೆದು "ಅವ್ವೋ, ಸತ್ತೆ!" ಎಂದು ಕಿರುಚಿ ಕುಸಿದೆ. ಬೀದಿಗೆ ಬೀದಿಯೇ ಓಡಿಬಂತು. ಅಷ್ಟರಲ್ಲಿ ಎದೆ ತಾನಾಗಿಯೇ ಸುಮ್ಮನಾಗಿತ್ತು. ಅಷ್ಟೊಂದು ಜನರ ನಡುವೆ ನಾನು ಬೆಪ್ಪಳ ಹಾಗೆ ಕೂತಿದ್ದೆ.

ಎರಡು ದಿನ ಬಿಟ್ಟು ಮತ್ತೆ ಬಂತು. ಆಮೇಲೆ ಬಟ್ಟೆ ಒಗೆಯಲು ನಾಲೆಗೆ ಹೋದಾಗ ಇನ್ನೊಮ್ಮೆ. ನಮ್ಮ ಅತ್ತೆ ಕೆಟ್ಟವರಲ್ಲ, ಬಾಯಿ ಜೋರು ಅಷ್ಟೆ. "ಒದ್ದೆ ತಲೇಲಿ ಉಣಸೆ ಮರದ ಕೆಳ್ಗೆ ಬಂದವ್ಳೆ ಕಣ್ಲಾ, ಅದ್ಕೇಯ ಇಂಗಾಗಿರೋದು" ಎಂದು ಮಗನಿಗೆ ಹೇಳಿದರು. ಪೂಜಾರಪ್ಪನನ್ನು ಕರೆಸಿದರು. ಅವನು ಬೇವಿನ ಸೊಪ್ಪಿನಲ್ಲಿ ಹೊಡೆದ, ತೋಳಿಗೆ ತಾಯಿತ ಕಟ್ಟಿದ. ಅದನ್ನೆಲ್ಲ ಸಹಿಸಿಕೊಂಡೆ. ಹೊರಡುವಾಗ ಒಂದು ಮಾತು ಆಡಿದ ನೋಡಿ, ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

"ಗಾಳಿ ಸೋಕ್ದೋಳ ಆಲು ಕೂಸ್ಗೆ ಆಗಾಕಿಲ್ಲ. ಮೂರು ಅಮಾಸೆ ಕಳೀಲಿ. ಅಲ್ಲೀಗಂಟ ಇವ್ಳ ಮೈಮ್ಯಾಲೆ ಏನೂ ಬರ್ದಿದ್ರೆ ಕೂಸ ಕೊಡಿ. ಬಂದ್ರೆ ಮತ್ತೆ ಮೂರು."

ನನ್ನ ಗಂಡನ ಅಕ್ಕನನ್ನು ಮಳವಳ್ಳಿಗೆ ಕೊಟ್ಟಿದ್ದರು. ಅವಳಿಗೆ ಎಂಟು ತಿಂಗಳ ಮೂರನೆಯ ಕೂಸಿತ್ತು, ಎರಡು ಮಕ್ಕಳಿಗೆ ಸಾಕಾಗುವಷ್ಟು ಹಾಲಿತ್ತು. ಮಾರನೆಯ ಬೆಳಿಗ್ಗೆಯೇ ಗಾಡಿ ಕಟ್ಟಿ ನನ್ನ ಮಗುವನ್ನು ಅಲ್ಲಿಗೆ ಸಾಗಿಸಿದರು. ನಾನು ಮೂಕ ಪಶುವಲ್ಲ. "ನಿಮ್ ಮನೆ ಹಾಳಾಗ" ಎಂದು ಗಾಡಿಯ ಹಿಂದೆ ಊರ ಬಾಗಿಲವರೆಗೂ ಬೈದುಕೊಂಡೇ ಓಡಿದೆ. ಬೈದದ್ದೂ ಗಾಳಿಯ ಲೆಕ್ಕಕ್ಕೇ ಹೋಯಿತು. ಎದೆ ಕಟ್ಟಿ ಕಲ್ಲಾಗುತ್ತಿತ್ತು. ಹಾಲು ಹಿಂಡಿ ಹಿತ್ತಲ ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದೆ, ಅಲ್ಲೇ ಕೂತು ಅಳುತ್ತಿದ್ದೆ.

ನಾಲ್ಕೋ ಐದೋ ದಿನ ಕಳೆದಿರಬೇಕು. ಬೆಳಗಿನ ಜಾವ ರಾಗಿ ಬೀಸುತ್ತಿದ್ದಾಗ ಅದು ಮತ್ತೆ ಬಂತು. ಕಿರುಚಿದರೆ ಮಗು ಹೋಯಿತು, ಇನ್ನು ಮೂರು ಅಮಾವಾಸ್ಯೆ. ಕಲ್ಲು ನಿಲ್ಲಿಸಿದರೂ ಅತ್ತೆ ಎದ್ದು ಬರುತ್ತಾರೆ. ಹಲ್ಲು ಕಚ್ಚಿ ಗೂಟ ಹಿಡಿದು ಬೀಸುತ್ತಲೇ ಹೋದೆ, ಬೀಸುವ ಪದವನ್ನೂ ಬಿಡಲಿಲ್ಲ. ಆ ಪದಗಳ ಸಾಲು ಉದ್ದ. ಸಾಲು ಮುಗಿಯದೆ ಉಸಿರು ಎಳೆದುಕೊಳ್ಳುವ ಹಾಗಿಲ್ಲ, ಕಲ್ಲು ಒಂದು ಸುತ್ತು ಬರದೆ ಸಾಲು ಮುಗಿಯುವ ಹಾಗಿಲ್ಲ. ಹತ್ತು ಸಾಲು ಹೇಳುವಷ್ಟರಲ್ಲಿ ಉಸಿರು ಪದದ ಹತೋಟಿಗೆ ಬಂದಿತ್ತು. ಹೆದರಿಕೆ ಹೋಗಿರಲಿಲ್ಲ, ಆದರೆ ನನ್ನನ್ನು ಬಿಟ್ಟು ಮುಂದೆ ಮುಂದೆ ಓಡುವುದನ್ನು ನಿಲ್ಲಿಸಿತ್ತು. ಎಲಾ ಇದರ! ಎಂದುಕೊಂಡೆ.

ಅವತ್ತಿನಿಂದ ಎದೆ ಗುಬ್ ಎಂದರೆ ಸಾಕು, ಬೀಸುವ ಕಲ್ಲಿನ ಮುಂದೆ ಹಾಜರು. ನಮ್ಮ ರಾಗಿ ಮುಗಿದು ಪಕ್ಕದ ಮನೆಯ ರಾಗಿಗೂ ಕೈ ಹಾಕಿದೆ. ಸುದ್ದಿ ಹಬ್ಬಿ, ಕೇರಿಯ ಸೋಮಾರಿಗಳೆಲ್ಲ ಮೊರ ಹೊತ್ತು ಬರಲಾರಂಭಿಸಿದರು. "ತಾಯ್ತ ಕಟ್ಟಿದ್ಮ್ಯಾಲೆ ನೋಡಮ್ಮಿ, ನನ್ ಸೊಸೆ ಎಂಗ್ ಬೀಸ್ತಾಳೆ!" ಎಂದು ಅತ್ತೆ ಜಗಲಿಯಲ್ಲಿ ಕೂತು ಹೊಗಳಿಕೊಂಡರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಬಾಯಿ ಬಿಟ್ಟರೆ ಕೆಟ್ಟೆ ಎಂದು ಸುಮ್ಮನಿದ್ದೆ. ನಿಜ ಹೇಳುತ್ತೇನೆ, ಆ ದಿನಗಳಲ್ಲೂ ಒಂದು ಬಗೆಯ ಸಂತೋಷವಿತ್ತು. ರಟ್ಟೆ ಗಟ್ಟಿಯಾಗಿತ್ತು, ಹಸಿವಾಗುತ್ತಿತ್ತು, ಮುದ್ದೆ ರುಚಿಸುತ್ತಿತ್ತು.

ಮೂರನೆಯ ಅಮಾವಾಸ್ಯೆ ಕಳೆದ ಮರುದಿನವೇ ಗಂಡನನ್ನು ಹೊರಡಿಸಿದೆ. ಗಾಡಿಯಲ್ಲಿ ಮದ್ದೂರಿಗೆ, ಅಲ್ಲಿಂದ ಬಸ್ಸಿಗೆ. ಅದು ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ದಿಣ್ಣೆ ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಆ ಹೊಗೆ, ಆ ಇಕ್ಕಟ್ಟಿನಲ್ಲಿ ನನ್ನ ಎದೆ ಸುಮ್ಮನಿರುತ್ತದೆಯೆ? ಕಲ್ಲಂತೂ ಇಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಪದ ಶುರು ಮಾಡಿದೆ.

"ಇದೇನವ್ವ, ಬಸ್ಸಲ್ಲೇ ಸೋಬಾನೆ?" ಎಂದ ಮುಂದಿನ ಸೀಟಿನ ಮುದುಕ.

ನನ್ನ ಗಂಡ ಬೇರೆ ದಿನಗಳಲ್ಲಿ ಮೂರು ಮಾತು ಆಡಿದರೆ ಹೆಚ್ಚು. "ಯೋಳ್ಲಿ ಬುಡಿ ಯಜಮಾನ್ರೆ, ನಿಮ್ಗೇನ್ ಕಷ್ಟ" ಎಂದ. ನಾನು ಪದ ಹೇಳುವುದು ಯಾಕೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ನಕ್ಕೆ.

ಮಳವಳ್ಳಿಯ ಮನೆ ಸೇರಿದಾಗ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಜಗಲಿಯಲ್ಲಿ ನನ್ನ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಗಂಡಸರು ಕಬ್ಬು ನೋಡುವುದಕ್ಕೆಂದು ಹೊಲದ ಕಡೆ ಹೊರಟರು. ಮಗು ಗುಂಡುಗುಂಡಾಗಿತ್ತು. ಕೈ ಚಾಚಿದೆ. ಅದು ನನ್ನ ಮುಖ ನೋಡಿ, ಅತ್ತಿಗೆಯ ಕುತ್ತಿಗೆ ತಬ್ಬಿಕೊಂಡು ಕಿಟಾರನೆ ಕಿರುಚಿತು.

ಅಷ್ಟೇ ಸಾಕಾಯಿತು. ಎದೆ ಹೊಡೆದುಕೊಳ್ಳತೊಡಗಿತು. ಪದ ಹೇಳೋಣವೆಂದರೆ ಬಾಯಿ ಒಣಗಿ ನಾಲಿಗೆಯೇ ಹೊರಳಲಿಲ್ಲ. ಕಂಬ ಹಿಡಿದು ಕುಸಿದೆ. ಅತ್ತಿಗೆ ಎಲ್ಲವನ್ನೂ ನೋಡಿದಳು. ಮುಗಿಯಿತು, ಮತ್ತೆ ಮೂರು ಅಮಾವಾಸ್ಯೆ.

"ಓಗು, ನಿಮ್ಮವ್ವಂಗೆ ಯೋಳೋಗು" ಎಂದೆ, ಏದುಸಿರಿನಲ್ಲೇ, ಸಿಟ್ಟಿನಲ್ಲೇ.

ಅವಳು ಮಗುವನ್ನು ತೊಟ್ಟಿಲಿಗೆ ಹಾಕಿ, ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹಿತ್ತಲ ಕೊಟ್ಟಿಗೆಗೆ ಹೋದಳು. ಅಲ್ಲಿ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ನನ್ನ ಅಂಗೈಯನ್ನು ಅದರ ಪಕ್ಕೆಯ ಮೇಲೆ ಒತ್ತಿ ಹಿಡಿದಳು.

"ಅದು ಉಸ್ರು ಎಳ್ಕಂಡಾಗ ನೀನೂ ಎಳ್ಕೊ. ಅದು ಬುಟ್ಟಾಗ ಬುಡು. ಅವಸ್ರ ಬ್ಯಾಡ."

ಎಮ್ಮೆಗೆ ಯಾವ ಅವಸರವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ನನಗೂ ಇರಲಿಲ್ಲ.

"ಇದ ನಿಂಗ್ಯಾರು ಯೋಳ್ಕೊಟ್ರು ಅತ್ಗೆ?"

ಅವಳು ಎಮ್ಮೆಯ ಬೆನ್ನಿಗೆ ಅಂಟಿದ್ದ ಹುಲ್ಲು ತೆಗೆಯುತ್ತ ನಿಂತಳು. "ನಂಗೂ ಬತ್ತದೆ ಕಣಮ್ಮಿ. ಎರಡ್ನೇ ಕೂಸು ಆದಾಗ್ಲಿಂದ. ಬಂದಾಗ ಇಲ್ಬಂದು ನಿಂತ್ಕತೀನಿ."

ಮೈಯೆಲ್ಲ ಉರಿಯಿತು. "ಗೊತ್ತಿದ್ದೂ ನನ್ ಕೂಸ ಇಸ್ಕಂಡ್ಯಲ್ಲ!"

"ಬ್ಯಾಡ ಅಂದಿದ್ರೆ, ಗಾಳಿಯಲ್ಲ ಅಂತ ನಿಂಗೆಂಗ್ ಗೊತ್ತು ಅಂತ ಅವ್ವ ಕೇಳಾಕಿಲ್ವ? ಏನಂತ ಯೋಳ್ಲಿ? ನನ್ ಮೂರು ಮಕ್ಳನ್ನೂ ಯಾರ್ ಅಟ್ಟಿಗೆ ಕಳುಸ್ತಿದ್ರೋ." ಆಮೇಲೆ, "ನಿನ್ ಮಗ್ಳಿಗೆ ಎದೆ ಕೊಟ್ಟಾಗೆಲ್ಲ ನಿನ್ನೇ ನೆನುಸ್ಕಂಡಿವ್ನಿ ಕಣಮ್ಮಿ" ಎಂದಳು. ಬೈಯಲು ಬಾಯಿ ತೆರೆದಿದ್ದೆ. ಅದನ್ನು ಮುಚ್ಚಿ, ನಾನೂ ಎಮ್ಮೆಯ ಬೆನ್ನಿನ ಹುಲ್ಲು ತೆಗೆಯತೊಡಗಿದೆ.

ಎರಡು ದಿನ ಅಲ್ಲೇ ಉಳಿದೆವು. ಮಗಳು ಮೊದಲ ದಿನ ಅತ್ತಳು, ಎರಡನೆಯ ದಿನ ನನ್ನ ಮೂಗು ಹಿಡಿದು ಎಳೆದಳು. ಮೂರನೆಯ ದಿನ ಬಸ್ಸಿನ ಹೊತ್ತಿಗೆ ಅತ್ತಿಗೆ ಅವಳಿಗೆ ಕೊನೆಯ ಸಲ ಹಾಲು ಕುಡಿಸಿ, ಕಾಡಿಗೆ ಬೊಟ್ಟಿಟ್ಟು, ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬಾಗಿಲಿಗೆ ಬರಲೇ ಇಲ್ಲ. "ಅಕ್ಕ ಎಲ್ಲಿ? ಒತ್ತಾಯ್ತು" ಎಂದು ನನ್ನ ಗಂಡ ಬೀದಿಯಿಂದ ಕೂಗಿದ. ನನಗೆ ಗೊತ್ತಾಯಿತು.

ಕೊಟ್ಟಿಗೆಯಲ್ಲಿ ಅವಳು ಎಮ್ಮೆಯ ಪಕ್ಕೆಗೆ ಹಣೆಯಿಟ್ಟು ನಿಂತಿದ್ದಳು. ಬೆನ್ನು ನಡುಗುತ್ತಿತ್ತು. ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಿ ಅವಳ ಪಕ್ಕದಲ್ಲಿ ನಿಂತೆ. ಬಸ್ಸು ಹೊರಟುಹೋಯಿತು. ನಾವು ಮಾರನೆಯ ದಿನದ ಬಸ್ಸಿಗೆ ಹೋದೆವು.