ಹಾಜರಿ ಪುಸ್ತಕದಲ್ಲಿಲ್ಲದ ಮಹೇಶ್ವರಿ

ಏ ಕಟ್ಟಿ ಮ್ಯಾಲಿನವರ, ಏ ಚಾದಂಗಡಿ ಮುಂದ ಕುಂತವರ, ಆ ಗಾಡಿ ಒಂದೀಟು ಬಂದ್ ಮಾಡ್ರಿ, ಇತ್ಲಾಗ ಕಿವಿ ಕೊಡ್ರಿ! ಬೇವೂರಿನ ಎಣ್ಣಿ ಮಿಲ್ಲಿನ ಮಹೇಶ್ವರಿ ಸುದ್ದಿ ಹೇಳ್ತೀನಿ. ಆಕಿ ಕೈ ಹೋತು ಅನ್ನೂದು ನಿಮಗೂ ಗೊತ್ತು. ಮೊನ್ನೆ ಇನ್ಶೂರೆನ್ಸಿನವರು ಬಂದಾಗ ಏನಾತು ಅನ್ನೂದು ಗೊತ್ತಿಲ್ಲ.

ಮಹೇಶ್ವರಿಗೆ ಈಗ ಇಪ್ಪತ್ತೈದು. ಬಿಕಾಂ ಮುಗಿಸಿದ ಮರುವಾರವೇ ಅಪ್ಪ ಹೊನ್ನೂರಪ್ಪನ ಶೇಂಗಾ ಎಣ್ಣೆ ಮಿಲ್ಲಿಗೆ ಇಳಿದವಳು. ಬೆಳಿಗ್ಗೆ ಆರಕ್ಕೆ ಮಿಷನ್ ಚಾಲೂ ಮಾಡುವವಳು ಅವಳೇ, ಸಂಜೆ ಹಿಂಡಿಯ ಚೀಲ ಎಣಿಸಿ ಬೀಗ ಹಾಕುವವಳೂ ಅವಳೇ. ರೈತರು ಬೀಜ ತಂದರೆ ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಾಳೆ. ಹಸಿ ಇದ್ದರೆ, ಇನ್ನೂ ಎರಡು ಬಿಸಿಲು ಕಾಣಿಸಿ ತನ್ನಿ ಎಂದು ವಾಪಸ್ ಕಳಿಸುತ್ತಾಳೆ. ಇರಕಲ್ಲಗಡದ ಒಬ್ಬ ಮುದುಕ ಒಮ್ಮೆ ಜಗಳಕ್ಕೇ ನಿಂತ. ಹೆಣ್ಣುಹುಡುಗಿಗೆ ಏನು ತಿಳಿಯುತ್ತದೆ, ನಿಮ್ಮಪ್ಪನನ್ನು ಕರಿ ಎಂದ. ಹೊನ್ನೂರಪ್ಪ ಬಂದು, ಅವಳು ಹೇಳಿದ್ದೇ ಖರೆ ಎಂದು ಒಂದೇ ಮಾತು ಹೇಳಿ ಹೋದ. ಮಗಳ ಕೆಲಸದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಅವಳ ಅಣ್ಣ ಗೋವಿಂದರಾಜ ಧಾರವಾಡದಲ್ಲಿ ರೂಮು ಮಾಡಿಕೊಂಡು ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಾನೆ. ನಾಲ್ಕು ವರ್ಷವಾಯಿತು. ಹುಡುಗ ಕೆಟ್ಟವನಲ್ಲ. ಆದರೆ ಮಿಷನ್ ಯಾವ ಕಡೆ ತಿರುಗುತ್ತದೆ ಎಂದು ಕೇಳಿದರೆ ಬೆವರುತ್ತಾನೆ.

ನಾಲ್ಕು ವರ್ಷದ ಹಿಂದೆ ಮಿಲ್ಲಿಗೆ ಲಾಭ ಛಲೋ ಬಂತು, ಅದರ ಬೆನ್ನಿಗೆ ತೆರಿಗೆಯೂ ಬಂತು. ಹೊನ್ನೂರಪ್ಪನ ಲೆಕ್ಕ ಬರೆಯುವವನು ಕೊಪ್ಪಳದ ಯಂಕೋಬ. ಅವನು ಒಂದು ದಾರಿ ಹೇಳಿದ. ಮನೆಯ ಮಕ್ಕಳು ಮಿಲ್ಲಿನಲ್ಲಿ ದುಡಿದರೆ ಅವರಿಗೆ ಕೊಡುವ ಪಗಾರವನ್ನೂ ಖರ್ಚಿನಲ್ಲಿ ತೋರಿಸಬಹುದು. ಅಪ್ಪನ ಲಾಭ ಅಷ್ಟು ಕಡಿಮೆಯಾಗುತ್ತದೆ. ವಯಸ್ಸಿಗೆ ಬಂದ ಮಕ್ಕಳಾದರೆ ಆ ಪಗಾರ ಅವರದೇ ಆದಾಯ, ಮಿತಿಯೊಳಗಿದ್ದರೆ ಅವರಿಗೂ ತೆರಿಗೆ ಇಲ್ಲ. ಆದರೆ ಮಕ್ಕಳು ನಿಜಕ್ಕೂ ದುಡಿದಿರಬೇಕು, ಆ ಕೆಲಸಕ್ಕೆ ಹೊರಗಿನವರಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಬೇಕು, ಬ್ಯಾಂಕಿನ ಮೂಲಕವೇ ಕೊಡಬೇಕು. ಹಾಜರಿ ಪುಸ್ತಕ ಇರಬೇಕು.

"ಮಾಲಕ್ರ, ದುಡಿಯಾಕಿ ಮಹೇಶ್ವರಿ. ಆಕಿ ಹೆಸರಿಲೆ ಪಗಾರ ಹಾಕ್ರಿ, ಯಾರ ಬಂದು ಕೇಳಿದ್ರೂ ಅಂಜಿಕಿ ಇಲ್ಲ" ಎಂದ ಯಂಕೋಬ.

"ಹೆಣ್ಣಮಗಳ ಖಾತೆಕ ಹಾಕಿದ ರೊಕ್ಕ ಆಕಿ ಕೂಡ ಕೊಟ್ಟ ಮನಿಗೆ ಹೊಕ್ಕೈತಿ. ಗೋವಿಂದನ ಹೆಸರು ಬರಿ."

"ಅವ ಧಾರವಾಡದಾಗ ಅದಾನಲ್ರಿ."

"ಹೆಸರ ಇಲ್ಲೇ ಇರತೈತಿ ಬಿಡು."

ಹೆಣ್ಣುಮಗಳು ಎಷ್ಟು ದುಡಿದರೂ ಅಂಗಡಿಯ ಪುಸ್ತಕದಲ್ಲಿ ಅವಳ ಹೆಸರು ಬರೆಯುವುದು ನಮ್ಮ ಕಡೆ ರೂಢಿ ಇಲ್ಲ. ಹೊನ್ನೂರಪ್ಪನಿಗೆ ಅದು ತಪ್ಪು ಅನ್ನಿಸಲೂ ಇಲ್ಲ. ಯಂಕೋಬ ಇದು ಮುಂದೆ ತೊಂದರೆ ಎಂದು ಒಮ್ಮೆ ಹೇಳಿದ, ಎರಡನೇ ಸಲ ಹೇಳಲಿಲ್ಲ. ಮಿಲ್ಲಿನ ಮ್ಯಾನೇಜರ್ ಗೋವಿಂದರಾಜ, ತಿಂಗಳಿಗೆ ಇಪ್ಪತ್ತು ಸಾವಿರ. ಆ ರೊಕ್ಕದಲ್ಲಿ ಧಾರವಾಡದ ರೂಮಿನ ಬಾಡಿಗೆ, ಮೆಸ್ಸು, ಕೋಚಿಂಗಿನ ಫೀಸು ಎಲ್ಲ ನಡೆಯಿತು.

ಹಾಜರಿ ಪುಸ್ತಕ ಬರೆದವಳು ಮಹೇಶ್ವರಿಯೇ. ಅಕ್ಷರ ಮುತ್ತಿನಂಥವು. ಪ್ರತಿ ತಿಂಗಳ ಒಂದನೇ ತಾರೀಖು ಕೂತು ಗೆರೆ ಹೊಡೆದು, ಅಣ್ಣನ ಹೆಸರಿನ ಮುಂದೆ ಇಡೀ ತಿಂಗಳಿಗೆ ಹಾಜರ್ ಹಾಕಿಬಿಡುತ್ತಿದ್ದಳು. ವಾರದ ರಜೆ ಮಾತ್ರ ಬಿಡುತ್ತಿದ್ದಳು. ಹಮಾಲರ ಹಾಜರಿ ದಿನಾ ಸಂಜೆ ಬರೆಯುತ್ತಿದ್ದಳು. ಕೆಲಸಗಾರರ ವಿಮೆಯಲ್ಲಿ ಮೂರು ಹೆಸರು: ಗೋವಿಂದರಾಜ, ಆಮೇಲೆ ಹಮಾಲರಾದ ಮುದಿಯಪ್ಪ, ಓಬಳೆಪ್ಪ. ಅವಳ ಹೆಸರು ಎಲ್ಲಿಯೂ ಇಲ್ಲ. ಒಮ್ಮೆ ತಾಯಿ ಮುದುಕವ್ವನ ಮುಂದೆ ನಕ್ಕಿದ್ದಳಂತೆ.

"ನಾ ಏನ್ ದೆವ್ವ ಏನಬೇ? ಕೆಲಸ ಕಾಣತೈತಿ, ನಾ ಕಾಣಂಗಿಲ್ಲ."

ಈ ಫೆಬ್ರವರಿ ಹದಿನಾಲ್ಕಕ್ಕೆ ಮಿಷನ್ ಬೆಲ್ಟು ಜಾರತೊಡಗಿತು. ಬೆಲ್ಟು ಜಾರಿದರೆ ಅದು ಓಡುತ್ತಿರುವಾಗಲೇ ಮೇಲೆ ರಾಳದ ಪುಡಿ ಉದುರಿಸುತ್ತಾರೆ, ಹಿಡಿತ ಬರುತ್ತದೆ. ಮಿಷನ್ ನಿಲ್ಲಿಸಿ ಹಾಕಬೇಕು ಅನ್ನುತ್ತಾರೆ, ಯಾವ ಮಿಲ್ಲಿನಲ್ಲಿಯೂ ನಿಲ್ಲಿಸುವುದಿಲ್ಲ. ಅವಳು ನೂರಾರು ಸಲ ಹಾಕಿದವಳು. ಅಂದು ಬೆಲ್ಟು ಬಲಗೈಯನ್ನು ಗಾಲಿಯೊಳಕ್ಕೆ ಎಳೆದುಕೊಂಡಿತು. ಮುದಿಯಪ್ಪ ಓಡಿ ಸ್ವಿಚ್ಚು ಆರಿಸುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಕೊಪ್ಪಳದ ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ. ಕೈಯನ್ನು ಮಣಿಕಟ್ಟಿನವರೆಗೆ ತೆಗೆದರು. ಕುಷ್ಟಗಿಯಿಂದ ಅವಳನ್ನು ನೋಡಿ ಹೋಗಿದ್ದ ವರನ ಕಡೆಯವರು ಮತ್ತೆ ಫೋನ್ ಮಾಡಲಿಲ್ಲ.

ವಿಮೆ ಐತಲ್ಲ ಎಂದು ನೆನಪು ಮಾಡಿದವನು ಓಬಳೆಪ್ಪ. ಮುದುಕವ್ವ ಎರಡು ದಿನ ಊಟ ಬಿಟ್ಟು ಕೂತದ್ದಕ್ಕೆ ಹೊನ್ನೂರಪ್ಪ ಮಗಳ ಕೈಗೆ ಪರಿಹಾರ ಕೇಳಿ ಅರ್ಜಿ ಕೊಟ್ಟ. ಕೊಟ್ಟ ಮೇಲೆ ಯಂಕೋಬನ ಹತ್ತಿರ ಹೋದ. ಯಂಕೋಬ ಲೆಕ್ಕದ ಪುಸ್ತಕ ಮುಚ್ಚಿ ಕೂತು ಬಿಡಿಸಿ ಹೇಳಿದ. ಮಿಲ್ಲು ನಡೆಸಿದವಳು ಮಗಳು ಎಂದರೆ, ಗೋವಿಂದರಾಜ ಯಾರು ಎಂದು ಕೇಳುತ್ತಾರೆ. ಆ ಮಾತು ತೆರಿಗೆಯವರ ಕಿವಿಗೆ ಬಿದ್ದರೆ ನಾಲ್ಕು ವರ್ಷದ ಪಗಾರ ತಿರುಗಿ ಲಾಭಕ್ಕೆ ಸೇರುತ್ತದೆ. ತೆರಿಗೆ, ಬಡ್ಡಿ, ಮೇಲೆ ದಂಡ. ಗೋವಿಂದರಾಜನೇ ಮ್ಯಾನೇಜರ್ ಎಂದು ಹಿಡಿದರೆ, ಮಗಳು ಆ ಮಿಲ್ಲಿಗೆ ಯಾರೂ ಅಲ್ಲ, ವಿಮೆಯ ರೊಕ್ಕವೂ ಇಲ್ಲ.

ಮೊನ್ನೆ ಬೆಳಿಗ್ಗೆ ಹೊನ್ನೂರಪ್ಪ ಮಗಳು ಮಲಗಿದ್ದ ಹೊರಸಿನ ಹತ್ತಿರ ನೆಲದ ಮೇಲೆ ಕೂತ. ಮಗಳ ಮುಂದೆ ಅವನು ನೆಲಕ್ಕೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

"ಒಂದ ಮಾತು ಹೇಳವ್ವಾ. ಅಪ್ಪಗ ಬುತ್ತಿ ತಂದಿದ್ದೆ ಅನ್ನು. ನಾ ಇರೂತನಕ ನಿನ್ನ ನೋಡ್ಕೋತೀನಿ."

"ಬುತ್ತಿ ತಂದಾಕಿ ಬೆಲ್ಟಿಗೆ ಯಾಕ ರಾಳ ಹಾಕಿದ್ಲು ಅಂದ್ರ ಏನ್ ಹೇಳ್ಲಿ ಯಪ್ಪಾ?"

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದ.

ಮಧ್ಯಾಹ್ನ ವಿಮೆಯ ಕಡೆಯಿಂದ ಸಾದಿಕ ಸಾಹೇಬರು ಬಂದರು. ವಯಸ್ಸಾದವರು, ದನಿ ಮೆತ್ತಗೆ. ಮಿಲ್ಲಿನ ಅಂಗಳದಲ್ಲಿ ಕುರ್ಚಿ ಹಾಕಿಸಿ ಬೆಲ್ಟು ನೋಡಿದರು, ಗಾಲಿ ನೋಡಿದರು. ಹೊನ್ನೂರಪ್ಪ ಬುತ್ತಿಯ ಮಾತು ಹೇಳಿದ. ಮ್ಯಾನೇಜರ್ ಎಲ್ಲಿ ಎಂದರೆ, ಗಂಗಾವತಿ ಸಂತೆಗೆ ಹೋಗ್ಯಾನ ಎಂದ. ಸಾಹೇಬರು ಹಾಜರಿ ಪುಸ್ತಕ ತೆರೆದು ಫೆಬ್ರವರಿಯ ಹಾಳೆಯ ಮೇಲೆ ಬೆರಳಿಟ್ಟರು. ಗೋವಿಂದರಾಜ ಇಪ್ಪತ್ತೆಂಟರವರೆಗೂ ಹಾಜರ್, ಎಲ್ಲ ಒಂದೇ ಕೈ, ಒಂದೇ ಶಾಯಿ. ಹಮಾಲರ ಸಾಲು ಮಾತ್ರ ಹದಿಮೂರಕ್ಕೆ ನಿಂತಿತ್ತು. ಹದಿನಾಲ್ಕರಿಂದ ಬರೆಯುವ ಕೈಯೇ ಇರಲಿಲ್ಲವಲ್ಲ. ಇದು ಯಾರ ಅಕ್ಷರ ಎಂದು ಕೇಳಿದರು. ಹೊನ್ನೂರಪ್ಪ ನೆಲ ನೋಡಿದ. ಹಮಾಲರಿಬ್ಬರೂ ಚೀಲದ ಮರೆಗೆ ಸರಿದರು.

ಸಾಹೇಬರು ಕುರ್ಚಿಯನ್ನು ಅಂಗಳದ ಮೂಲೆಯಲ್ಲಿ ಕೂತಿದ್ದ ಮಹೇಶ್ವರಿಯ ಕಡೆ ತಿರುಗಿಸಿಕೊಂಡರು.

"ತಂಗಿ, ನೀ ಖರೆ ಹೇಳಿದ್ರೂ ರೊಕ್ಕ ಬರತೈತಿ ಅಂತ ನಾ ಅನ್ನಂಗಿಲ್ಲ. ಪಟ್ಟಿಯೊಳಗ ನಿನ್ನ ಹೆಸರ ಇಲ್ಲ. ಬುತ್ತಿ ತಂದಿದ್ದೆ ಅಂದ್ರ ಫೈಲು ಇವತ್ತ ಮುಚ್ಚತೈತಿ. ಎರಡರಾಗ ಯಾವುದು ಬರ್ಕೊಳ್ಳಲಿ?"

ಅವಳು ಅಪ್ಪನ ಕಡೆ ನೋಡಿದಳು.

"ಬರ್ಕೋರಿ ಸಾಹೇಬ್ರ. ನಾಲ್ಕ ವರ್ಷ ಈ ಮಿಲ್ಲ ನಡೆಸಿದಾಕಿ ನಾನು. ಈ ಅಕ್ಷರ ನನ್ನವು. ನಮ್ಮಣ್ಣ ಇಲ್ಲಿ ಒಂದ ದಿನಾನೂ ದುಡಿದಿಲ್ಲ."

ಹೊನ್ನೂರಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಂಗಳ ದಾಟಿ ರಸ್ತೆಗೆ ಹೋದ. ಸಾಹೇಬರು ಎರಡು ಹಾಳೆ ತುಂಬ ಬರೆದುಕೊಂಡು ಓದಿ ಹೇಳಿದರು, ಸಹಿ ಕೇಳಿದರು. ಅವಳು ಎಡಗೈಯಲ್ಲಿ ಪೆನ್ನು ಹಿಡಿದಳು. ಮೊದಲ ಅಕ್ಷರವೇ ಗೆರೆ ಬಿಟ್ಟು ಕೆಳಗಿಳಿಯಿತು. ಹೆಬ್ಬೆಟ್ಟು ನಡೆಯುತ್ತದೆ ತಂಗಿ ಎಂದು ಸಾಹೇಬರು ಶಾಯಿಯ ಡಬ್ಬಿ ತೆರೆದರು. ಆ ಓಣಿಯಲ್ಲಿ ಮೊದಲು ಡಿಗ್ರಿ ಮಾಡಿದ ಹುಡುಗಿ ಹೆಬ್ಬೆಟ್ಟು ಒತ್ತಿದಳು.

ದೀಪ ಹಚ್ಚುವ ಹೊತ್ತಾದರೂ ಹೊನ್ನೂರಪ್ಪ ಮನೆಗೆ ಬರಲಿಲ್ಲ. ಮುದುಕವ್ವ ಒಲೆಯ ಮುಂದೆ ಕೂತವಳು ರೊಟ್ಟಿ ಬಡಿಯಲಿಲ್ಲ. ಮಹೇಶ್ವರಿ ಬಚ್ಚಲಿಗೆ ಹೋಗಿ ಎಡಗೈಯನ್ನು ನೀರಿನಲ್ಲಿ ಅದ್ದಿದಳು. ಹೆಬ್ಬೆಟ್ಟಿನ ಶಾಯಿ ತಿಕ್ಕಲು ಇನ್ನೊಂದು ಕೈ ಬೇಕು. ಅದೇ ಕೈಯ ಬೆರಳುಗಳಿಂದ ತಿಕ್ಕಿ ನೋಡಿದಳು, ಶಾಯಿ ಬೆರಳಿಗೂ ಹತ್ತಿತು. ತಾಯಿಯನ್ನು ಕರೆಯಲಿಲ್ಲ. ಬಚ್ಚಲಿನ ಕಲ್ಲುಗೋಡೆಗೆ ಹೆಬ್ಬೆಟ್ಟು ಒತ್ತಿ, ಚರ್ಮ ಕೆಂಪಾಗುವವರೆಗೆ ಉಜ್ಜಿ, ಸೀರೆಗೆ ಒರೆಸಿಕೊಂಡು ಹೋಗಿ ಮಲಗಿದಳು.